ಉದ್ದ ಸೀಟಿ ಊದುವವರೆಗೆ

ಬೆಳಗಿನ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಸೀಟಿ ಕೇಳಿಸಿತು. ಹೊತ್ತು ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ಆಗಷ್ಟೇ ಗಡಿಯಾರ ನೋಡಿಕೊಂಡಿದ್ದೆ. ಮರುದಿನ ನನ್ನ ಕೊನೆಯ ಪಾಠ ನೋಡಲು ಕಾಲೇಜಿನಿಂದ ಬರುವವರಿದ್ದರು. ಅದರ ತಾಲೀಮೆಂದು ಒಂದನೇ ತರಗತಿಯ ಮಕ್ಕಳನ್ನು ಗೇಟಿನ ಹತ್ತಿರದ ಬೇವಿನ ಮರದ ಕೆಳಗೆ ಕೂರಿಸಿಕೊಂಡು ಸಣ್ಣ ಕಲ್ಲುಗಳಿಂದ ಕೂಡಿಸುವ ಲೆಕ್ಕ ಹೇಳಿಕೊಡುತ್ತಿದ್ದೆ. ಇಡೀ ಪಾಠವನ್ನು ಅರ್ಧ ಹೊತ್ತಿನಲ್ಲೇ ಹೇಳಿ ಮುಗಿಸಿಬಿಟ್ಟಿದ್ದೆ. ಉಳಿದ ಹೊತ್ತು ಏನು ಮಾಡಲಿ ಎಂದು ಮಣಿಕಟ್ಟು ನೋಡುತ್ತಿದ್ದೆ.

ಸೀಟಿ ಕೇಳುತ್ತಲೇ ಮಕ್ಕಳು ಕಲ್ಲುಗಳನ್ನು ಅಲ್ಲೇ ಚೆಲ್ಲಿ ಎದ್ದರು, ಹಿಂದಿನ ಕೋಣೆಗೆ ಓಡಿದರು. ಯಾರೂ ಅವರಿಗೆ ಹೇಳಬೇಕಾಗಿರಲಿಲ್ಲ. ಅವರ ಹಿಂದೆ ನಾನೂ ಹೋದೆ.

ಸೀಟಿ ಕೇಳಿದರೆ ಒಳಗೆ ಓಡಬೇಕೆಂಬುದು ನಗರದಂಚಿನ ಮಣಿಕೊಂಡದ ಆ ಶಾಲೆಗೆ ಬರುವವರೆಗೆ ನನಗೂ ಗೊತ್ತಿರಲಿಲ್ಲ. ಅಲ್ಲಿ ನೆಲವೆಂದರೆ ಬಂಡೆ. ಹೊಸ ಅಪಾರ್ಟ್‌ಮೆಂಟ್ ಮೇಲೇಳಬೇಕಾದರೆ ಮೊದಲು ಕಾರು ನಿಲ್ಲಿಸುವ ಸೆಲ್ಲಾರ್‌ಗಾಗಿ ಕೆಳಗಿಳಿಯಬೇಕು, ಕೆಳಗಿಳಿಯಬೇಕಾದರೆ ಬಂಡೆ ಸಿಡಿಸಬೇಕು. ಶಾಲೆಯ ಬೆನ್ನಿಗೇ ಇದ್ದ ಖಾಲಿ ಜಾಗದಲ್ಲಿ ಅಂಥದೊಂದು ಗುಂಡಿ ತೋಡುತ್ತಿದ್ದರು. ನಾನು ಅಲ್ಲಿಗೆ ಸೇರುವ ಹೊತ್ತಿಗೆ ಅದರ ತಳದಲ್ಲಿ ನಿಂತ ಲಾರಿಗಳು ಮೇಲಿನಿಂದ ಆಟದ ಸಾಮಾನಿನಷ್ಟು ಕಾಣುತ್ತಿದ್ದವು. ಸಿಡಿಸುವ ಮುಂಚೆ ಅಲ್ಲಿಯ ಕಾವಲುಗಾರ ಗುಂಡಿಯ ಅಂಚಿನಲ್ಲಿ ಕೆಂಪು ಬಾವುಟ ನೆಟ್ಟು ಸೀಟಿ ಊದುತ್ತಿದ್ದ, ಬಿಟ್ಟು ಬಿಟ್ಟು, ಚಿಕ್ಕ ಚಿಕ್ಕದಾಗಿ. ಸಿಡಿದ ಕಲ್ಲಿನ ಚೂರು ಕೆಲವೊಮ್ಮೆ ನಮ್ಮ ಅಂಗಳಕ್ಕೂ ಹಾರಿ ಬರುತ್ತಿತ್ತು.

ಅದಕ್ಕಾಗಿ ನನ್ನ ಗೈಡ್ ಟೀಚರ್ ಮಕ್ಕಳಿಗೆ ಒಂದು ಪದ್ಧತಿ ರೂಢಿ ಮಾಡಿಸಿದ್ದರು. ಸೀಟಿ ಬಿದ್ದರೆ ಎಲ್ಲಿದ್ದರೂ ಕೋಣೆಗೆ ಬಂದು ಅವರವರ ಜಾಗದಲ್ಲಿ ಕೂರಬೇಕು. ಮೊಣಕಾಲ ನಡುವೆ ತಲೆ, ಎರಡೂ ಕೈ ಕಿವಿಯ ಮೇಲೆ, ಕಣ್ಣು ಮುಚ್ಚಿರಬೇಕು. ಎಷ್ಟೇ ಸದ್ದಾಗಲಿ, ಯಾರೇ ಕೂಗಲಿ, ತಲೆ ಎತ್ತುವಂತಿಲ್ಲ. ಎಲ್ಲಾ ಮುಗಿದ ಮೇಲೆ ಕಾವಲುಗಾರ ಒಂದು ಉದ್ದ ಸೀಟಿ ಊದುತ್ತಾನೆ. ಕಿವಿ ಎಷ್ಟು ಗಟ್ಟಿಯಾಗಿ ಒತ್ತಿಕೊಂಡರೂ ಅದು ಕೇಳಿಸುತ್ತಿತ್ತು. ಆಗ ಏಳಬೇಕು. ತೆಲುಗಿನ ಮಕ್ಕಳು, ಉರ್ದುವಿನವರು, ಒಡಿಶಾದವರು, ನಮ್ಮ ಕಲಬುರಗಿ ಯಾದಗಿರಿ ಕಡೆಯ ಕೂಲಿಯವರ ಮಕ್ಕಳು, ಎಲ್ಲರಿಗೂ ಒಂದೇ ದಿನದಲ್ಲಿ ತಿಳಿದ ಪಾಠ ಅದೊಂದೇ ಎಂದು ಟೀಚರ್ ನಗುತ್ತಿದ್ದರು.

ಗೈಡ್ ಟೀಚರ್ ಎಂದರೆ, ತರಬೇತಿಯ ಕೊನೆಯ ಹಂತದಲ್ಲಿ ನಮ್ಮನ್ನು ಯಾರ ಕೈಕೆಳಗೆ ಹಾಕುತ್ತಾರೋ ಅವರು. ಡಿಗ್ರಿ ಮುಗಿಸಿ, ಹಿಮಾಯತ್‌ನಗರದ ಮನೆಯಲ್ಲಿ ಸ್ವಲ್ಪ ಕಾಲ ಸುಮ್ಮನೆ ಕೂತು, ಆಮೇಲೆ ಪ್ರಾಥಮಿಕ ಶಿಕ್ಷಕರ ತರಬೇತಿಗೆ ಸೇರಿದವಳು ನಾನು. ಆ ಕೆಲವು ತಿಂಗಳು ಶಾಲೆಯಲ್ಲಿ ಕಳೆದರೆ ಕೈಗೆ ಸರ್ಟಿಫಿಕೇಟ್ ಬರುತ್ತಿತ್ತು. ಟೀಚರ್ ನಾರಾಯಣಪೇಟೆ ಕಡೆಯವರು, ಹಾಗಾಗಿ ಗಡಿಯ ಕನ್ನಡ ಅವರಿಗೆ ಮನೆ ಮಾತಿನಷ್ಟೇ ಸಲೀಸು. ಐವತ್ತು ದಾಟಿದ್ದರು. ಮೊಣಕಾಲು ನೋವು, ನೆಲಕ್ಕೆ ಕೂರುತ್ತಿರಲಿಲ್ಲ. ಮೊದಲ ದಿನ ನಾನು ಥರ್ಮಾಕೋಲಿನಲ್ಲಿ ಮಾಡಿದ ಮನೆ, ಬಣ್ಣದ ಹಣ್ಣುಗಳು, ಚಾರ್ಟುಗಳನ್ನೆಲ್ಲ ಹೊತ್ತುಕೊಂಡು ಆಟೋ ಇಳಿದಾಗ ಅವರು ಗೇಟಿನಲ್ಲಿ ನಿಂತಿದ್ದರು.

“ಏನವಾ, ಪಾಠಾ ಹೇಳಾಕ ಬಂದೀಯೋ, ಅಂಗಡಿ ಇಡಾಕ ಬಂದೀಯೋ?”

“ಟೀಚಿಂಗ್ ಏಡ್ಸ್ ರೀ ಟೀಚರ್.”

“ಇಡು ಇಡು. ಮಧ್ಯಾಹ್ನದೊಳಗ ಆ ಬಾಳಿಹಣ್ಣು ಯಾರರ ಕಚ್ಚಿ ನೋಡ್ತಾರ.”

ಮಧ್ಯಾಹ್ನದೊಳಗೆ ಇಬ್ಬರು ಕಚ್ಚಿ ನೋಡಿದ್ದರು.

ಅವರ ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ಸಂಜೆ ಮನೆಗೆ ಬಿಡುವಾಗ ಅವರು ಹೆಸರು ಕೂಗುತ್ತಿರಲಿಲ್ಲ. ಮಕ್ಕಳನ್ನು ಕಣ್ಣು ಮುಚ್ಚಿ ಕೂರಿಸಿ, ಸದ್ದಿಲ್ಲದೆ ಸಾಲಿನ ನಡುವೆ ನಡೆಯುತ್ತ ಒಬ್ಬೊಬ್ಬರ ನೆತ್ತಿಯ ಮೇಲೆ ಕೈ ಇಡುತ್ತಿದ್ದರು. ಕೈ ಬಿದ್ದ ಮಗು ಮಾತಿಲ್ಲದೆ ಎದ್ದು, ಗೋಡೆ ಬದಿಯ ಸಾಲಿನಿಂದ ತನ್ನ ಚೀಲ ತೆಗೆದುಕೊಂಡು, ಪಡಸಾಲೆಯಲ್ಲಿ ಚಪ್ಪಲಿ ಹಾಕಿಕೊಂಡು, ಮುಂದಿನವನ ಅಂಗಿ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ನೂಕಾಟವಿಲ್ಲ, ಗಲಾಟೆಯಿಲ್ಲ. ಮುಂದಿನ ಕೈ ಯಾರ ತಲೆ ಮೇಲೋ ಎಂದು ಕಾಯುವ ಆ ಮುಖಗಳನ್ನು ನೋಡುವುದೇ ನನಗೆ ದಿನದ ದೊಡ್ಡ ಖುಷಿಯಾಗಿತ್ತು. ಕಾಲೇಜಿನ ಯಾವ ಪುಸ್ತಕದಲ್ಲೂ ನಾನು ಇದನ್ನು ಓದಿರಲಿಲ್ಲ.

ಒಬ್ಬಳು ಮಾತ್ರ ಆ ಸಾಲಿಗೆ ಸೇರಿದವಳಲ್ಲ, ಅವಳ ನೆತ್ತಿಗೆ ಆ ಕೈ ಬಿದ್ದದ್ದೇ ಇಲ್ಲ. ಸುರಪುರದ ಕಡೆಯಿಂದ ಬಂದು ಒಂದೇ ವಾರವಾಗಿದ್ದ ಹುಡುಗಿ. ಅವಳ ತಾಯಿ ಅದೇ ಗುಂಡಿಯಲ್ಲಿ ಕಲ್ಲು ಮಣ್ಣು ಹೊರುತ್ತಿದ್ದಳು. ಕೆಲಸ ಬಿಡುವುದು ಕತ್ತಲಾಗುವ ಮುಂಚೆ, ಶಾಲೆ ಬಿಡುವುದು ಅದಕ್ಕೂ ಬಹಳ ಮೊದಲು. ಹಾಗಾಗಿ ಎಲ್ಲರೂ ಹೋದ ಮೇಲೆ ಟೀಚರ್ ಮತ್ತು ಅವಳು ಪಡಸಾಲೆಯಲ್ಲಿ ತಾಯಿಗಾಗಿ ಕಾಯುತ್ತ ಕೂರುತ್ತಿದ್ದರು. ಟೀಚರ್ ಕುರ್ಚಿಯ ಮೇಲೆ, ಅವಳು ಮೆಟ್ಟಿಲ ಮೇಲೆ. “ಹೋಗೋಣೇನು?” ಎಂದು ಯಾರಾದರೂ ಕೇಳಿದರೆ ಅವಳದು ಒಂದೇ ಉತ್ತರ. “ನಮ್ಮವ್ವ ಬರಲಿ.”

ಕೋಣೆಯಲ್ಲಿ ಅವಳು ಆರಿಸಿಕೊಂಡ ಜಾಗ ಹಿಂಗೋಡೆಯ ಮೂಲೆ, ಕಿಟಕಿಯ ಕೆಳಗೆ. ಮುಂದೆ ಬಾ ಎಂದರೆ ಬರುತ್ತಿರಲಿಲ್ಲ. ಯಾಕೆ ಎಂದು ನಾನು ಕೇಳಿದಾಗ ಗೋಡೆಯ ಕಡೆ ಬೊಟ್ಟು ಮಾಡಿದ್ದಳು. “ನಮ್ಮವ್ವ ಕೆಳಗದಾಳ.” ಕಿಟಕಿಯಿಂದ ಕಾಣುತ್ತಿದ್ದದ್ದು ಕಾಂಪೌಂಡ್ ಗೋಡೆ ಮಾತ್ರ, ಗುಂಡಿ ಅದರಾಚೆ. ಆದರೆ ಕೆಳಗಿನ ಸದ್ದು ಆ ಮೂಲೆಗೆ ಚೆನ್ನಾಗಿ ಕೇಳಿಸುತ್ತಿತ್ತು. ಶಾಲೆಯೆಂಬುದನ್ನೇ ಅದುವರೆಗೆ ಕಂಡಿರದ ಅವಳು ಆ ವಾರದಲ್ಲಿ ಕಲಿತಿದ್ದು ಸೀಟಿಯ ಪಾಠವೊಂದನ್ನೇ. ಅದನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತಿದ್ದಳು. ಎಷ್ಟು ಚಿಕ್ಕದಾಗಿ ಮುದುಡುತ್ತಿದ್ದಳೆಂದರೆ ಯಾರೋ ಬಟ್ಟೆಯ ಗಂಟು ಇಟ್ಟು ಹೋದಂತಿರುತ್ತಿತ್ತು.

ಆ ದಿನದ ಸೀಟಿ ಬಿಟ್ಟು ಬಿಟ್ಟು ಊದಿದ್ದಲ್ಲ. ಅದನ್ನು ನಾನು ಗಮನಿಸಿದ್ದು ಮಕ್ಕಳೆಲ್ಲ ತಲೆ ತಗ್ಗಿಸಿ ಕೂತ ಮೇಲೆ. ಒಂದರ ಮೇಲೊಂದು, ಉಸಿರು ತೆಗೆದುಕೊಳ್ಳದೆ ಊದುತ್ತಿದ್ದರು. ಬಂಡೆ ಸಿಡಿಸುವುದು ಊಟದ ಹೊತ್ತಿಗೆ, ಈಗ್ಯಾಕೆ ಎಂದುಕೊಂಡು ಹಿಂಬದಿಯ ಕಿಟಕಿ ನೋಡಿದೆ.

ಕೋಣೆ ಬೆಳಗಿತು.

ಇದನ್ನು ಬೇರೆ ಹೇಗೆ ಹೇಳಬೇಕೋ ನನಗೆ ತಿಳಿಯದು. ಆ ಕೋಣೆ ಯಾವಾಗಲೂ ಮಬ್ಬು. ಕಾಂಪೌಂಡ್ ಗೋಡೆ ಕಿಟಕಿಗೆ ಅಷ್ಟು ಹತ್ತಿರವಿದ್ದು ಹಗಲಲ್ಲೂ ಲೈಟು ಹಾಕುತ್ತಿದ್ದೆವು. ಆ ಗೋಡೆ ಈಗ ಇರಲಿಲ್ಲ. ಬಿದ್ದ ಸದ್ದು ನನಗೆ ಕೇಳಿಸಿತೋ ಇಲ್ಲವೋ ನೆನಪಿಲ್ಲ. ಬೂದು ಬಣ್ಣವಿದ್ದ ಕಡೆ ಆಕಾಶವಿತ್ತು. ಮಳೆ ನಿಂತ ಮೇಲಿನ ತೊಳೆದ ಬಿಸಿಲು ನೇರವಾಗಿ ಒಳಗೆ ಬಂದು ಮಕ್ಕಳ ಬಾಗಿದ ಬೆನ್ನುಗಳ ಮೇಲೆ ಬಿತ್ತು. ಎಣ್ಣೆ ಹಚ್ಚಿದ ಜಡೆಗಳು, ರಿಬ್ಬನ್ನು, ಕಿವಿ ಮುಚ್ಚಿಕೊಂಡ ಸಣ್ಣ ಕೈಗಳು, ಎಲ್ಲವೂ ಹೊಳೆದವು. ಒಂದು ಕ್ಷಣ ಅದು ಎಷ್ಟು ಚೆಂದವಿತ್ತೆಂದರೆ ನನಗೆ ಭಯವೇ ಆಗಲಿಲ್ಲ.

ಆಮೇಲೆ ಹಿಂಗೋಡೆಯ ಬುಡದಲ್ಲಿ, ನೆಲದಲ್ಲಿ, ಹಳೇ ಟ್ರಂಕನ್ನು ಎಳೆದಂಥ ಸದ್ದಾಯಿತು. ನೋಡುತ್ತಿದ್ದಂತೆ ಗಚ್ಚಿನ ಮೇಲೆ ಒಂದು ಬಿರುಕು ಅಡ್ಡಡ್ಡ ಹರಿದು ಬಂತು.

ನಾನು ಕೂಗಿದೆ. ತೆಲುಗಿನಲ್ಲಿ ಕೂಗಿದೆ, ಹಿಂದಿಯಲ್ಲಿ ಕೂಗಿದೆ, ಕನ್ನಡದಲ್ಲಿ ಕೂಗಿದೆ. ಎದ್ದೇಳಿ, ಹೊರಗೆ ಬನ್ನಿ. ಒಂದು ತಲೆಯೂ ಮೇಲೇಳಲಿಲ್ಲ. ನನ್ನ ದನಿ ಏರಿದಷ್ಟೂ ಅವರು ಕಿವಿ ಇನ್ನಷ್ಟು ಒತ್ತಿಕೊಂಡರು. ಹಾಗೆ ಮಾಡಬೇಕೆಂದೇ ಕಲಿಸಿದ್ದಲ್ಲವೇ. ಮುಂದಿನ ಸಾಲಿನ ಒಬ್ಬನ ರಟ್ಟೆ ಹಿಡಿದೆಳೆದೆ. ಅವನು ಕಣ್ಣು ಮುಚ್ಚಿಕೊಂಡೇ ಕೈ ಕಿತ್ತುಕೊಂಡು ಮತ್ತೆ ಕಿವಿಯ ಮೇಲಿಟ್ಟ.

ಅಷ್ಟರಲ್ಲಿ ಬಾಗಿಲಲ್ಲಿ ಟೀಚರ್ ಬಂದು ನಿಂತರು. ಮಕ್ಕಳಿಗೆ ಬಡಿಸುವ ಮುಂಚೆ ಅಡುಗೆಯನ್ನು ಶಿಕ್ಷಕರು ಉಂಡು ನೋಡಬೇಕು, ಆ ಹೊತ್ತಿಗೆ ಅವರು ಅಡುಗೆ ಶೆಡ್ಡಿನಲ್ಲಿದ್ದರು. ಸೆರಗಿನ ಮೇಲೆ ಬೇಳೆಯ ಕಲೆಯಿತ್ತು. ಕಿಟಕಿಯನ್ನು ನೋಡಿದರು, ನೆಲವನ್ನು ನೋಡಿದರು. ಹೆಡ್‌ಮಾಸ್ಟರು ಆ ದಿನ ಮೀಟಿಂಗಿಗೆ ಹೋಗಿದ್ದರು. ರಸ್ತೆ ಕಡೆಯ ಕೋಣೆಗಳ ದೊಡ್ಡ ಮಕ್ಕಳನ್ನು ಇನ್ನೊಬ್ಬ ಟೀಚರ್ ಆಗಲೇ ಗೇಟಿನ ಹೊರಗೆ ಕರೆದೊಯ್ಯುತ್ತಿದ್ದರು. ಅವರು ಹೇಳಿದರೆ ತಿಳಿಯುವ ವಯಸ್ಸಿನವರು. ಉಳಿದದ್ದು ಈ ಕೋಣೆ.

“ಒದರಬ್ಯಾಡ,” ಎಂದರು ನನಗೆ. ದನಿ ಎಂದಿನದೇ. “ಬಾಗಲದಾಗ ನಿಂದ್ರು. ಬಂದವ್ರನ್ನ ಸಾಲು ಮಾಡು. ಯಾರನ್ನೂ ಎಳೀಬ್ಯಾಡ.”

ಅವರು ನೇರವಾಗಿ ಕೋಣೆಯ ಹಿಂದಿನ ಸಾಲಿಗೆ ನಡೆದರು. ಬಿರುಕು ಇದ್ದದ್ದೇ ಅಲ್ಲಿ. ಅದನ್ನು ದಾಟಿ ಮೂಲೆಗೆ ಹೋಗಿ, ಕಿಟಕಿಯ ಕೆಳಗೆ ಮುದುಡಿ ಕೂತ ಸುರಪುರದ ಹುಡುಗಿಯ ನೆತ್ತಿಯ ಮೇಲೆ ಕೈಯಿಟ್ಟರು. ಅವಳು ಏಳಲಿಲ್ಲ. ಏಳಬೇಕೆಂದು ಅವಳಿಗೆ ಯಾರು ಹೇಳಿದ್ದರು? ಇನ್ನೊಮ್ಮೆ ಕೈಯಿಟ್ಟರು. ಅವಳು ಇನ್ನೂ ಚಿಕ್ಕದಾದಳು.

ಟೀಚರ್ ಅವಳನ್ನು ಬಿಟ್ಟು ಪಕ್ಕದ ಮಗುವಿನ ತಲೆಯ ಮೇಲೆ ಕೈಯಿಟ್ಟರು.

ಆ ಮಗು ಎದ್ದಿತು. ಕಣ್ಣುಜ್ಜಿಕೊಂಡು, ಗೋಡೆಯ ಹತ್ತಿರ ಹೋಗಿ, ತನ್ನ ಚೀಲ ಯಾವುದೆಂದು ಹುಡುಕಿ, ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂತು. ಅದರ ಹಿಂದೆ ಇನ್ನೊಂದು. ಟೀಚರ್ ಓಡಲಿಲ್ಲ. ಪ್ರತಿದಿನ ಸಂಜೆಯ ನಡಿಗೆಯಲ್ಲೇ, ಮೊಣಕಾಲಿಗೆ ಸ್ವಲ್ಪ ಕುಂಟುತ್ತ, ತಲೆಯಿಂದ ತಲೆಗೆ ಹೋದರು. ಕೈಯಿಟ್ಟ ಕಡೆಯೆಲ್ಲ ಮಕ್ಕಳು ಎದ್ದು ಬರುತ್ತಿದ್ದರು. ಚಾವಣಿಯ ಮೂಲೆಯಿಂದ ಸುಣ್ಣ ಉದುರುತ್ತಿತ್ತು. ಹಿಂಬದಿಯಿಂದ ಮಣ್ಣು ಜಾರುವ ಸದ್ದು ನಿಲ್ಲುತ್ತಲೇ ಇರಲಿಲ್ಲ. ಅದರ ನಡುವೆ ಈ ಮಕ್ಕಳು ದಿನದ ಪಾಠ ಮುಗಿದು ಮನೆಗೆ ಹೋಗುತ್ತಿದ್ದರು.

ಪಡಸಾಲೆಗೆ ಬಂದವರು ಚಪ್ಪಲಿ ಹಾಕಿಕೊಳ್ಳಲು ಕೂತರು. ಒಬ್ಬಳು ಬಕ್ಕಲಿನ ತೂತು ಸರಿಯಾಗಿ ಸಿಗದೆ ಬಿಚ್ಚಿ ಮತ್ತೆ ಹಾಕಿಕೊಂಡಳು. ಅವಳನ್ನು ಎತ್ತಿ ಎಸೆಯಬೇಕೆನಿಸಿತು ನನಗೆ. ಯಾರನ್ನೂ ಎಳೀಬ್ಯಾಡ ಎಂದಿದ್ದರು. ಎರಡೂ ಕೈ ಒಂದಕ್ಕೊಂದು ಹಿಡಿದುಕೊಂಡು ನಿಂತೆ. ಅಂಗಿ ಹಿಡಿದ ಸಾಲು ಮೆಟ್ಟಿಲಿಳಿದು ಬೇವಿನ ಮರದ ಕಡೆಗೆ ಬೆಳೆಯಿತು. ಮುಂದೆ ನಿಂತ ಹುಡುಗ ಹಿಂತಿರುಗಿ ತೆಲುಗಿನಲ್ಲಿ ಕೇಳಿದ. “ಟೀಚರ್, ಈ ರೋಜು ಗುಡ್ಡು ಲೇದಾ?” ಅದು ಮೊಟ್ಟೆ ಕೊಡುವ ದಿನ. ಮೊಟ್ಟೆ ಕೊಡದೆಯೇ ಮನೆಗೆ ಕಳಿಸುತ್ತಿದ್ದಾರಲ್ಲ ಎಂಬುದೊಂದೇ ಅವನ ಕಷ್ಟ. “ಇದೆ, ಕೊಡುತ್ತಾರೆ,” ಎಂದೆ. ಯಾವ ಭಾಷೆಯಲ್ಲಿ ಎಂದು ನೆನಪಿಲ್ಲ.

ಕೊನೆಯ ಮಗು ನನ್ನನ್ನು ದಾಟಿ ಹೋದ ಮೇಲೆ ಒಳಗೆ ನೋಡಿದೆ. ಕೋಣೆ ತುಂಬ ಬೆಳಕು. ಆ ಬೆಳಕಿನಲ್ಲಿ ಇಬ್ಬರೇ. ಟೀಚರ್ ಮತ್ತೆ ಹಿಂದಕ್ಕೆ ನಡೆಯುತ್ತಿದ್ದರು.

ನೆಲ ಆಗಲೇ ಆ ಕಡೆಗೆ ಇಳಿಜಾರಾಗಿತ್ತು. ಒಂದು ಪೆನ್ಸಿಲ್ ತಾನಾಗಿ ಉರುಳುತ್ತ ಬಿರುಕಿನೊಳಗೆ ಹೋಗಿದ್ದನ್ನು ನೋಡಿದೆ. ಟೀಚರ್ ಗೋಡೆ ಹಿಡಿದುಕೊಂಡು ಬಿರುಕು ದಾಟಿದರು. ಹುಡುಗಿಯನ್ನು ಕರೆಯಲಿಲ್ಲ, ಅವಳ ಕೈ ಬಿಡಿಸಲು ನೋಡಲಿಲ್ಲ. ನೆಲಕ್ಕೆ ಕೂರಲಾರದ ಆ ಹೆಂಗಸು ಮೊಣಕಾಲೂರಿ ಕೂತರು. ಒಂದು ತೋಳು ಅವಳ ಕಾಲಡಿಗೆ, ಒಂದು ಬೆನ್ನಿಗೆ. ಅವಳು ಹೇಗೆ ಕೂತಿದ್ದಳೋ ಹಾಗೆಯೇ, ತಲೆ ಮೊಣಕಾಲ ನಡುವೆ, ಕೈ ಕಿವಿಯ ಮೇಲೆ, ಗಂಟು ಬಿಚ್ಚದೆ ಎತ್ತಿಕೊಂಡರು. ಏಳುವಾಗ ಒಮ್ಮೆ ತಡವರಿಸಿದರು. ನಾನು ಒಳಗೆ ಹೆಜ್ಜೆಯಿಟ್ಟಿದ್ದೆ. ಅವರು ನನ್ನ ಕಡೆ ನೋಡಿ ತಲೆಯಾಡಿಸಿದರು, ಬೇಡವೆಂದು. ನನ್ನ ಹಿಂದೆ ಸಾಲಿತ್ತು.

ಅದೇ ನಡಿಗೆಯಲ್ಲಿ ಬಂದರು. ಬಾಗಿಲು ದಾಟಿ, ಮೆಟ್ಟಿಲಿಳಿದು, ಅಂಗಳ ದಾಟಿ ಬೇವಿನ ಮರದ ಕೆಳಗೆ ಅವಳನ್ನು ಇಳಿಸಿದರು. ಅಷ್ಟು ಹೊತ್ತಿಗೆ ನಮ್ಮ ಬೆನ್ನ ಹಿಂದೆ ಕೋಣೆಯ ಹಿಂಭಾಗ ಕುಸಿಯಿತು. ಇಡೀ ಕೋಣೆ ಬೀಳಲಿಲ್ಲ. ಹಿಂಗೋಡೆ, ಆ ಮೂಲೆ, ಕಿಟಕಿ ಅಷ್ಟೇ ಹೋದವು. ಧೂಳು ಅಂಗಳ ತುಂಬಿ ಮರ ತಲುಪುವ ಮುಂಚೆ ನಿಂತಿತು.

ಹುಡುಗಿ ಮರದ ಕೆಳಗೆ ಗಂಟಾಗಿಯೇ ಇದ್ದಳು. ಕಣ್ಣು ತೆರೆಯಲಿಲ್ಲ.

ಗೇಟಿನಿಂದ ಕಾವಲುಗಾರ ಓಡಿ ಬಂದ. ಕೊರಳಲ್ಲಿ ಸೀಟಿ ನೇತಾಡುತ್ತಿತ್ತು. ಮುಖವೆಲ್ಲ ಮಣ್ಣು. ಸಾಲಿನಲ್ಲಿ ನಿಂತ ಮಕ್ಕಳನ್ನು ನೋಡಿ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ. “ಮೈ ಬಾಹರ್ ಆವ್ ಬೋಲ್ಕೆ ಬಜಾಯಾ ಅಮ್ಮಾ,” ಎಂದ. “ಆಪ್ ಲೋಗಾಂ ಅಂದರ್ ಚಲೇ ಗಯೇ.” ರಾತ್ರಿಯೆಲ್ಲ ಸುರಿದ ಮಳೆಗೆ ಗುಂಡಿಯ ಈ ಬದಿ ಬಿಚ್ಚಿಕೊಳ್ಳುತ್ತಿರುವುದನ್ನು ಕಂಡು ಅವನು ಕೆಳಗಿನವರನ್ನು ಮೇಲೆ ಓಡಿಸಿದ್ದ. ನಾವು ಹೊರಗೆ ಬರಲೆಂದು ಸೀಟಿ ಊದಿದ್ದ. ಸೀಟಿಗೆ ನಮ್ಮಲ್ಲಿ ಒಂದೇ ಅರ್ಥವಿತ್ತೆಂದು ಅವನಿಗೆ ಹೊಳೆದದ್ದು ಯಾರೂ ಹೊರಗೆ ಬಾರದೆ ಹೋದಾಗ. ಅಲ್ಲಿಯವರೆಗೆ ಊದುತ್ತಲೇ ಇದ್ದ, ಊದಿದಷ್ಟೂ ನಾವು ತಲೆ ತಗ್ಗಿಸಿದ್ದೆವು.

ಟೀಚರ್ ಅವನಿಗೆ ಬೈಯಲಿಲ್ಲ. ಮರಕ್ಕೆ ಆತುಕೊಂಡು ಏದುಸಿರು ಬಿಡುತ್ತ, ಹುಡುಗಿಯ ಕಡೆ ಕೈ ತೋರಿಸಿ ಹೇಳಿದರು. “ಉದ್ದಂದು ಊದ್ರಿ.” ಅವನಿಗೆ ತಿಳಿಯಲಿಲ್ಲ. “ಲಂಬೀ ವಾಲೀ,” ಎಂದರು.

ಅವನು ಎರಡು ಸಲ ಪ್ರಯತ್ನಿಸಿದ, ತುಟಿ ನಿಲ್ಲಲಿಲ್ಲ. ಮೂರನೆಯ ಸಲ ಬಂತು. ಎಲ್ಲಾ ಮುಗಿಯಿತೆಂಬ ಉದ್ದ ಸೀಟಿ.

ಹುಡುಗಿ ತಲೆಯೆತ್ತಿದಳು. ಕಿವಿಯಿಂದ ಕೈ ತೆಗೆದಳು. ಕೋಣೆಯಲ್ಲಿ ಕೂತವಳು ಮರದ ಕೆಳಗಿದ್ದಳು. ಅದನ್ನು ಕಂಡು ಬೆರಗಾದಂತೆ ಮೇಲಿನ ಎಲೆಗಳನ್ನು ನೋಡಿದಳು, ನಮ್ಮನ್ನೆಲ್ಲ ನೋಡಿದಳು. ಆಮೇಲೆ ಕೇಳಿದಳು. “ನಮ್ಮವ್ವ?”

ಅವಳ ತಾಯಿ ಗುಂಡಿಯ ದಾರಿ ಹತ್ತಿ, ರಸ್ತೆ ಸುತ್ತಿ ಬರುತ್ತಿದ್ದಳು. ಬಂದವಳು ಅಳಲಿಲ್ಲ. ಮಗಳನ್ನು ಎಳೆದು ತೊಡೆಯ ಮೇಲೆ ಹಾಕಿಕೊಂಡು ಕೈ, ಕಾಲು, ಬೆನ್ನು ಒಂದೊಂದಾಗಿ ಒತ್ತಿ ನೋಡಿದಳು. ನಂತರ ಟೀಚರ್ ಕಡೆ ತಿರುಗಿ, “ಬಾಯಾರ, ಇಕಿ ಅಲ್ಲೇ ಕುಂದರತಿದ್ಲಲ್ರೀ, ಖಿಡಕಿ ಬುಡಕ,” ಎಂದಳು.

“ಹೂಂ. ನೀ ಕೆಳಗದೀಯಂತ,” ಎಂದರು ಟೀಚರ್.

ಆ ಹೆಂಗಸು ಆಗ ಅತ್ತಳು.

ಆ ದಿನ ಮಧ್ಯಾಹ್ನ ಮಕ್ಕಳಿಗೆ ಮೊಟ್ಟೆಯನ್ನು ರಸ್ತೆಯಾಚೆಯ ಅಂಗಡಿಯ ಕಟ್ಟೆಯ ಮೇಲೆ ಕೂರಿಸಿ ಕೊಟ್ಟೆವು. ಅಧಿಕಾರಿಗಳು, ಪೊಲೀಸರು, ಫೋನು ಹಿಡಿದವರು ಬಂದರು. ಗುಂಡಿಯ ಕೆಲಸ ನಿಂತಿತು. ಯಾರ ಜೀವವೂ ಹೋಗಲಿಲ್ಲ.

ನನ್ನ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಆ ಕೋಣೆ ಬೆಳಗುತ್ತಿತ್ತು. ಆಮೇಲೆ ಇಡೀ ಕೋಣೆ ಬೀಳುತ್ತಿತ್ತು, ಪ್ರತಿ ಸಲವೂ ಬೇರೆ ಬೇರೆ ಮಕ್ಕಳೊಂದಿಗೆ. ಒಮ್ಮೆ ಬಕ್ಕಲು ಹಾಕಿಕೊಳ್ಳುತ್ತಿದ್ದ ಹುಡುಗಿಯೊಂದಿಗೆ, ಒಮ್ಮೆ ಮೊಟ್ಟೆ ಕೇಳಿದವನೊಂದಿಗೆ. ಹೆಚ್ಚಾಗಿ, ಆ ಮೂಲೆಯ ಗಂಟಿನೊಂದಿಗೆ. ಟೀಚರ್ ಅವಳನ್ನು ಬಿಟ್ಟು ಮುಂದೆ ಹೋಗುವ ಜಾಗಕ್ಕೆ ಬಂದಾಗಲೆಲ್ಲ ನನಗೆ ಎಚ್ಚರವಾಗುತ್ತಿತ್ತು. ಎದ್ದು ಕೂತರೆ ಬೆಳಗಾಗುವವರೆಗೆ ಅಷ್ಟೇ.

ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಹಾಲಿಗೆ ಅರಿಶಿನ ಹಾಕಿ ಕೊಟ್ಟಳು. ಅಪ್ಪ ನನ್ನ ಎದುರು ಬರದೆ ಅವ್ವನ ಹತ್ತಿರ ಹೇಳುತ್ತಿದ್ದರು. “ಬ್ಯಾಂಕಿನ ಪರೀಕ್ಷಾ ಬರೀ ಅನ್ನು. ಅಲ್ಲಿ ಸೀಟಿ ಗೀಟಿ ಏನೂ ಇರಂಗಿಲ್ಲ.”

“ನೀವೇ ಅನ್ರಿ.”

“ನಾ ಅಂದ್ರ ಕೇಳತಾಳೇನು? ಕೇಳೂದಿದ್ರ ಮೆಟ್ರೋ, ಆಟೋ ಬದಲಿ ಮಾಡಿಕೋತ ಮಣಿಕೊಂಡಕ್ಕ ಯಾಕ ಹೋಗತಿದ್ಲು?”

ಶಾಲೆಯನ್ನು ಹತ್ತಿರದ ಕಮ್ಯುನಿಟಿ ಹಾಲಿಗೆ ಬದಲಾಯಿಸಿದರು. ಉಳಿದ ವಾರಗಳನ್ನು ಬೇರೆ ಶಾಲೆಯಲ್ಲಿ ಮುಗಿಸಬಹುದೆಂದು ಕಾಲೇಜಿನವರು ಹೇಳಿದರು. ಬೇಡವೆಂದೆ. ಧೈರ್ಯದಿಂದಲ್ಲ. ಆ ಮಕ್ಕಳು ಕಣ್ಣೆದುರು ಇದ್ದಷ್ಟು ಹೊತ್ತು ಮಾತ್ರ ಅವರಿಗೆ ಏನೂ ಆಗಿಲ್ಲವೆಂಬುದನ್ನು ನಾನು ನಂಬುತ್ತಿದ್ದೆ.

ನನ್ನ ಕೊನೆಯ ಪಾಠ ಆ ಹಾಲಿನಲ್ಲೇ ನಡೆಯಿತು. ನೋಡಲು ಬಂದವರು ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಹೊರಗೆ ಯಾವುದೋ ಸ್ಕೂಟರ್ ಹಾರ್ನ್ ಹಾಕಿದಾಗ ನಾನು ಮಾತು ನಿಲ್ಲಿಸಿದೆ, ಮುಂದಿನದು ಹೊಳೆಯಲಿಲ್ಲ. ಮಕ್ಕಳು ಸ್ವಲ್ಪ ಕಾದು ತಾವೇ ಕಲ್ಲುಗಳನ್ನು ಎಣಿಸಿ ಕೂಡಿಸಿದರು. ಒಬ್ಬಳು ತನ್ನ ಮೊತ್ತ ಸರಿಯೆಂದು ಪಕ್ಕದವನೊಂದಿಗೆ ಜಗಳಕ್ಕೇ ನಿಂತಳು. ಪಾಸಾದೆ.

ಆ ಮಧ್ಯಾಹ್ನ ಚಹಾ ಕುಡಿಯುವಾಗ ಟೀಚರನ್ನು ಕೇಳಿದೆ. ಅಷ್ಟು ದಿನ ಕೇಳಲಾಗಿರಲಿಲ್ಲ.

“ಟೀಚರ್, ಅಕಿ ಏಳಲಿಲ್ಲಂತ ಗೊತ್ತಾದ ಮ್ಯಾಲೂ ಬಿಟ್ಟು ಮುಂದ ಹೋದ್ರಲ್ಲ.”

“ಮತ್ತೇನು ಮಾಡ್ಲಿ? ಅಕಿನ್ನ ಎತ್ತಿದ್ರ ಅಕಿ ಚೀರತಿದ್ಲು. ಚೀರಿದ್ರ ಮಿಕ್ಕವು ಕಣ್ಣು ತೆರೀತಿದ್ವು. ಕಣ್ಣು ತೆರೆದ್ರ ಆ ಖಿಡಕಿ ನೋಡತಿದ್ವು.” ಚಹಾಕ್ಕೆ ಊದಿ ಒಂದು ಗುಟುಕು ಕುಡಿದರು. “ಅಕಿ ನಾನು ದಿನಾ ಕಡೀಕೇ ಹೋಗೋರು. ಅವತ್ತೂ ಹಂಗ ಹೋದ್ವಿ.”

“ನಿಮಗ ಹೆದರಿಕಿ ಆಗಲಿಲ್ಲೇನ್ರಿ?”

“ನೀ ನನ್ನ ಕೈ ನೋಡಿಲ್ಲ. ಮಕ್ಕಳು ನೋಡ್ಯಾರ. ಮರುದಿನ ಒಬ್ಬಾಕಿ ಕೇಳತಾಳ, ಟೀಚರ್, ನಿನ್ನೆ ನಿಮಗ ಚಳಿಜ್ವರ ಬಂದಿತ್ತೇನು ಅಂತ.”

ನಗುತ್ತಲೇ ಹೇಳಿದರು. ನಾನು ಅವರ ಕೈಯನ್ನು ನೋಡಿದೆ. ಚಹಾದ ಪೇಪರ್ ಕಪ್ ಹಿಡಿದ, ಸೀಮೆಸುಣ್ಣದ ಪುಡಿ ಮೆತ್ತಿದ, ಸಾಮಾನ್ಯವಾದ ಕೈ. ಆ ಕೈ ಅಷ್ಟು ನಡುಗುತ್ತಿದ್ದಾಗಲೂ ಆ ಕಾಲು ಓಡದೆ ಇದ್ದದ್ದು ಹೇಗೆ? ನಾನು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದವಳು, ಆದರೂ ಇದು ನನಗೆ ಇವತ್ತಿಗೂ ತಿಳಿದಿಲ್ಲ. ತರಬೇತಿಯಲ್ಲಿ ಕಲಿತದ್ದನ್ನೆಲ್ಲ ಹೇಳು ಎಂದರೆ ಹೇಳಬಲ್ಲೆ. ಇದನ್ನು ನೋಡಿದೆ ಎಂದಷ್ಟೇ ಹೇಳಬಲ್ಲೆ.

ನಿದ್ದೆ ಮಾತ್ರ ಬರಲಿಲ್ಲ. ಪಾಸಾದ ದಿನವೂ ಬರಲಿಲ್ಲ.

ನನ್ನ ಅವಧಿ ಮುಗಿಯುವ ವಾರ, ಆ ಕೋಣೆಯನ್ನು ಕೆಡವಲು ಆದೇಶ ಬಂತು. ಉಳಿದ ಮೂರು ಗೋಡೆ, ತಗಡಿನಂತೆ ಬಾಗಿದ ಚಾವಣಿ, ಯಾವ ಗಾಳಿಗೆ ಬೀಳುವುದೋ ಎಂದು ಬಿಡುವಂತಿರಲಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸೋಣ ಎಂದರು ಟೀಚರ್. ನನಗೆ ಸರಿಯೆನಿಸಲಿಲ್ಲ.

“ಹೆದರತಾವಲ್ರೀ.”

“ಜೆಸಿಬಿ ನೋಡಾಕ ಯಾವ ಮಗಾ ಹೆದರತೈತಿ? ನೀ ಬಾ.”

ರಸ್ತೆಯಾಚೆ ದೂರದಲ್ಲಿ ಸಾಲಾಗಿ ನಿಂತೆವು. ಕೆಲಸ ಕಳೆದುಕೊಂಡು ಬೇರೆ ಸೈಟು ಹುಡುಕುತ್ತಿದ್ದ ಸುರಪುರದ ತಾಯಿಯೂ ಬಂದಿದ್ದಳು. ಮಗಳು ಅವಳ ಸೊಂಟದ ಮೇಲೆ ಕೂತು ಪೇರಲಹಣ್ಣು ಕಚ್ಚುತ್ತಿದ್ದಳು. ಜೆಸಿಬಿಯವನು ಇಂಜಿನ್ ಚಾಲು ಮಾಡಿ, ಕೆಳಗಿಳಿದು ಬಂದು ಟೀಚರನ್ನು ಕೇಳಿದ. “ಅಂದರ್ ಕೋಯಿ ನೈ ನಾ ಅಮ್ಮಾ?”

“ಕೋಯಿ ನೈ,” ಎಂದರು ಟೀಚರ್.

ಅವನಿಗೆ ಸಮಾಧಾನವಾಗಲಿಲ್ಲ. ತಾನೇ ಹೋಗಿ ಮುರಿದ ಬಾಗಿಲಲ್ಲಿ ತಲೆ ಹಾಕಿ ಒಳಗೆಲ್ಲ ಕಣ್ಣಾಡಿಸಿ ಬಂದ. ಖಾಲಿ ಎಂದು ನಮ್ಮ ಕಡೆಗೆ ಕೈಯಾಡಿಸಿ ಮೇಲೆ ಹತ್ತಿದ.

ಮೊದಲ ಏಟಿಗೆ ಕೋಣೆ ಬೀಳಲಿಲ್ಲ. ಬರೀ ಧೂಳೆದ್ದಿತು. ಮಕ್ಕಳು ನಿರಾಸೆಯಿಂದ ಓ ಎಂದರು. ಎರಡನೆಯ ಏಟಿಗೆ ಬಾಗಿಲ ಗೋಡೆ ಹೋಯಿತು. ಚಾವಣಿ ಒಂದು ಕ್ಷಣ ಯೋಚಿಸಿದಂತೆ ನಿಂತು, ಆಮೇಲೆ ಎಲ್ಲವೂ ಒಟ್ಟಿಗೆ ಕೂತವು. ಅಷ್ಟು ದಿನ ಕಣ್ಣು ಮುಚ್ಚಿದಾಗಲೆಲ್ಲ ನಾನು ನೋಡಿದ್ದ ಹಾಗೆ ಅಲ್ಲ. ಅಷ್ಟು ನಿಧಾನವೂ ಇರಲಿಲ್ಲ, ಅಷ್ಟು ಸದ್ದೂ ಇರಲಿಲ್ಲ. ಮಕ್ಕಳು ಕುಣಿದರು, ಚಪ್ಪಾಳೆ ಹೊಡೆದರು. ಮೊಟ್ಟೆ ಕೇಳಿದ್ದ ಹುಡುಗ “ಇಂಕೋಸಾರಿ, ಇಂಕೋಸಾರಿ,” ಎಂದು ಜೆಸಿಬಿಯವನಿಗೆ ಕೈ ಬೀಸುತ್ತಿದ್ದ. ಇನ್ನೊಮ್ಮೆ ಬೀಳಿಸಬೇಕಂತೆ. ನಾನು ಮಕ್ಕಳನ್ನು ನೋಡಿದೆ, ಆ ಮಣ್ಣಿನ ರಾಶಿಯನ್ನು ನೋಡಿದೆ, ಮತ್ತೆ ಮಕ್ಕಳನ್ನು ನೋಡಿದೆ. ಎಲ್ಲರೂ ರಸ್ತೆಯ ಈ ಕಡೆ ಇದ್ದರು.

“ಯಾಕವಾ, ಅಳಾಕತ್ತೀಯೇನು?” ಎಂದರು ಟೀಚರ್.

“ಧೂಳು ರೀ.”

“ಹೂಂ, ಧೂಳು. ಸೆರಗು ತೊಗೊ.”

ಮನೆಗೆ ಬಂದವಳು ಕೈಕಾಲು ತೊಳೆದು, ಅವ್ವ ಹಾಕಿದ ರೊಟ್ಟಿ ಪಲ್ಯ ತಿಂದು, ಸ್ವಲ್ಪ ಹೊತ್ತು ಎಂದು ಅಡ್ಡಾದೆ. ಅದು ಶನಿವಾರ. ಮತ್ತೆ ಕಣ್ಣು ತೆರೆದಾಗ ಬಿಸಿಲು ಹಾಸಿಗೆಯವರೆಗೆ ಬಂದಿತ್ತು, ಬೀದಿಯಲ್ಲಿ ಅಂಗಡಿಗಳ ಶಟರ್ ಎತ್ತುತ್ತಿದ್ದರು. ಬಾಗಿಲಲ್ಲಿ ಅವ್ವ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

“ರಾತ್ರಿ ಎದ್ದಿದ್ದೇನು?” ಎಂದು ಕೇಳಿದಳು.

ಸ್ವಲ್ಪ ಯೋಚಿಸಿ ನೋಡಿದೆ. “ಇಲ್ಲ,” ಎಂದೆ.

“ಹಂಗಾದ್ರ ಇನ್ನೊಂದೀಟು ಮಲಕೊ,” ಎಂದು ಅವ್ವ ಬಾಗಿಲು ಮುಂದಕ್ಕೆ ಮಾಡಿದಳು.